ಬೋಲ್ಟಿನಲ್ಲಿ ಕಡೆದ ಗೆರೆ

ಒಂದೇ ಮನೆಯಿಂದ ಇಬ್ಬರು ಮಕ್ಕಳನ್ನು ರಸ್ತೆಗೆ ಕೊಡುವುದಿಲ್ಲ ಎಂದು ಅಮರೇಶಪ್ಪ ತೀರ್ಮಾನಿಸಿದ್ದು, ಕಿರಿಯ ಮಗ ಬಸು ಕೆಂಪು ಬಣ್ಣದ ರೇಸಿನ ಗಾಡಿಯನ್ನು ವಠಾರದ ಅಂಗಳಕ್ಕೆ ತಂದು ನಿಲ್ಲಿಸಿದ ದಿನ. ಅಮೆರಿಕಕ್ಕೆ ಹೊರಟಿದ್ದ ಸಹೋದ್ಯೋಗಿಯಿಂದ ಕೊಂಡದ್ದು, ಆದರೂ ಹೊಸದರಂತಿತ್ತು. ಎಂಜಿನ್ನಿನ ಎರಡೂ ಪಕ್ಕ ಹೊಳೆಯುವ ಪ್ಲಾಸ್ಟಿಕ್ಕಿನ ಕವಚ. ಅದಕ್ಕೆ ಫೇರಿಂಗ್ ಅನ್ನುತ್ತಾರೆ ಎಂದು ಬಸು ಹೆಮ್ಮೆಯಿಂದ ಹೇಳಿದ. ಹಿರಿಯವ ಮಲ್ಲು ಹಬ್ಸಿಗುಡ ಕ್ರಾಸಿನಲ್ಲಿ ಬೈಕಿನಿಂದ ಬಿದ್ದು ಸತ್ತು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಶಿವದೇವಿ ಹಿಡಿದು ತಂದ ಆರತಿ ತಟ್ಟೆಯನ್ನು ಬೆಳಗದೆ ಕಟ್ಟೆಯ ಮೇಲಿಟ್ಟಳು. ಅವಳು ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಬೇಡವೆಂದು ಅಮರೇಶಪ್ಪ ಹೇಳಿರಲಿಲ್ಲವೇ? ಹೇಳಿದ್ದ. ಹೆತ್ತ ಮಗನಿಗೆ ಕೈ ಮುಗಿದೂ ಹೇಳಿದ್ದ. ಆದರೆ ಬಸು ಅಮೀರ್‌ಪೇಟೆಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿದ್ದೇ ತಡ, ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ದುಡಿಯುವ ಮಗನಿಗೆ ಎಷ್ಟೆಂದು ಹೇಳುವುದು! "ಅಣ್ಣ ಸತ್ತಾನಂತ ನಾನೂ ಸತ್ತಂಗ ಇರಬೇಕೇನಪ್ಪಾ?" ಎಂದುಬಿಟ್ಟಿದ್ದ. ಅಂದಿನಿಂದ ಮಗ ಮನೆಗೆ ಬರುವವರೆಗೆ ಶಿವದೇವಿ ಬಾಗಿಲಲ್ಲೇ ಕೂರತೊಡಗಿದಳು. ತನ್ನ ಪಾಲಿನ ರೊಟ್ಟಿಯನ್ನು ಹಾಗೇ ಮುಚ್ಚಿಡುತ್ತಿದ್ದಳು.

ಗಾಡಿ ಹೋಗಬೇಕು, ಹುಡುಗನ ಉಗುರೂ ಮುಕ್ಕಾಗಬಾರದು. ಅಮರೇಶಪ್ಪ ತನಗೆ ತಾನೇ ಹಾಕಿಕೊಂಡ ಮೊದಲ ನಿಯಮ ಇದು. ಬ್ರೇಕು ಕೆಡಿಸುವ ಯೋಚನೆ ಒಮ್ಮೆ ತಲೆಗೆ ಬಂದದ್ದಕ್ಕೇ ಕೆನ್ನೆ ಕೆನ್ನೆ ಬಡಿದುಕೊಂಡಿದ್ದ. ಕದಿಸಿದರೆ ಹಟಕ್ಕೆ ಬಿದ್ದು ಇನ್ನೊಂದು ತರುತ್ತಾನೆ. ಅದು ನಿಂತಲ್ಲೇ, ಮೇಲೆ ಯಾರೂ ಕೂತಿರದಾಗ ಬೀಳಬೇಕು; ರಿಪೇರಿಯ ಮಾತೇ ಇಲ್ಲದಷ್ಟು ಹಾಳಾಗಬೇಕು; ಅದು ಯಾರ ತಪ್ಪೂ ಅಲ್ಲ ಅನ್ನಿಸಬೇಕು. ವಿಮೆಯ ಕಾಗದವನ್ನು ಕಾರ್ಖಾನೆಯ ಕಾರಕೂನನ ಹತ್ತಿರ ಓದಿಸಿದ. ವಿಮೆ ಎದುರಿನವರಿಗೆ ಮಾತ್ರ, ಗಾಡಿಗಿಲ್ಲ. ಇನ್ನೊಂದು ಕೊಳ್ಳಲು ದುಡ್ಡು ಬರುವುದಿಲ್ಲವೆಂದು ತಿಳಿದು ಅವನಿಗೆ ಸಮಾಧಾನವಾಯಿತು.

ದಾರಿ ತೋರಿಸಿದವನು ಬಸುವೇ. ಗಾಡಿ ಬಿದ್ದರೆ ಫೇರಿಂಗ್ ಒಡೆಯುತ್ತದೆ, ಏನಾದರೂ ರಕ್ಷಣೆ ಹಾಕಿಸಬೇಕು, ನಿನಗೆ ಕಬ್ಬಿಣದ ಗುಣ ಗೊತ್ತಲ್ಲ, ಆರಿಸಿಕೊಡು ಬಾ ಎಂದು ಒಂದು ಭಾನುವಾರ ಅಪ್ಪನನ್ನು ಹಿಮಾಯತ್‌ನಗರದ ಅಂಗಡಿಗೆ ಕರೆದೊಯ್ದ. ಅಂಗಡಿಯವ ಮೂರು ಸಾಮಾನು ಮುಂದಿಟ್ಟ. ಮೊದಲನೆಯದು ಕಬ್ಬಿಣದ ಕೊಳವೆ ಬಗ್ಗಿಸಿ ಮಾಡಿದ ಪಂಜರ. ಎಲ್ಲಕ್ಕಿಂತ ಗಟ್ಟಿ. ಹಾಕಿಸಿದರೆ ಹಾಲಿನವನ ಗಾಡಿಯಂತೆ ಕಾಣುತ್ತದೆ ಎಂದು ಬಸು ಮೂಗು ಮುರಿದ. ಎರಡನೆಯದು ಅಂಟಿಸುವ ರಬ್ಬರು. ಗೀರು ತಡೆದೀತು, ಪೆಟ್ಟು ತಡೆಯದು. ಮೂರನೆಯದು ಸ್ಲೈಡರ್. ಮುಷ್ಟಿಗಾತ್ರದ ಕಪ್ಪು ನೈಲಾನ್ ತುಂಡು, ನಡುವೆ ಉದ್ದನೆಯ ಬೋಲ್ಟು. ಪಕ್ಕಕ್ಕೊಂದರಂತೆ ಎರಡು. ಬೋಲ್ಟು ಫೇರಿಂಗ್ ದಾಟಿ ಗಾಡಿಯ ಚೌಕಟ್ಟಿಗೆ ಕೂರುತ್ತದೆ. ಗಾಡಿ ಬಿದ್ದಾಗ ನೆಲಕ್ಕೆ ಮೊದಲು ಮುಟ್ಟುವುದು ಈ ತುಂಡು. ಗಾಡಿ ಅದರ ಮೇಲೆ ಜಾರುತ್ತದೆ. ಫೇರಿಂಗೂ ಉಳಿಯುತ್ತದೆ, ಕೂತವರ ಕಾಲೂ ಅಡಿಗೆ ಸಿಗುವುದಿಲ್ಲ.

ಅಮರೇಶಪ್ಪ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ನಾಚಾರಂನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೋಹ ಕಡೆಯುವ ಲೇತ್ ಮಷೀನಿನ ಮುಂದೆ ನಿಂತ ಕೈ ಅದು. ಅಂಗಡಿಯದನ್ನು ಹಾಕಿಸಿದರೆ ಗಾಡಿ ಬಿದ್ದರೂ ಉಳಿಯುತ್ತದೆ. ಅಳತೆ ಬೆರಳಿಗೇ ಸಿಕ್ಕಿತು, ಉಪಾಯ ತಲೆಗೆ ಸಿಕ್ಕಿತು.

"ಹೊರಗಿಂದು ಯಾಕ? ನಾ ಮಾಡಿಕೊಡ್ತೀನಿ ಬಿಡು," ಅಂದ.

ಬಸು ಅಂಗಡಿಯಲ್ಲೇ ಅಪ್ಪನ ಕೈ ಹಿಡಿದುಕೊಂಡ. "ಖರೇನಪ್ಪಾ?" ಎಂದು ಕೇಳುವಾಗ ಅವನ ಕಣ್ಣು ತುಂಬಿತ್ತು. ಮನೆಗೆ ಬಂದವನು, ಅಪ್ಪ ಗಾಡಿಯನ್ನು ಒಪ್ಪಿಕೊಂಡ ಎಂದು ತಾಯಿಗೆ ಹತ್ತು ಸಲ ಹೇಳಿದ. ಮಗ ಬದುಕಿದ್ದರೆ ಎಂದಾದರೂ ಕ್ಷಮಿಸಿಯಾನು ಎಂದು ಅಮರೇಶಪ್ಪ ಅಂದುಕೊಂಡ.

ನೈಲಾನನ್ನು ಅವನು ಕನ್ನಡಿಯಂತೆ ಕಡೆದ. ಕಣ್ಣಿಗೆ ಕಾಣುವ ಭಾಗದಲ್ಲಿ ಯಾರೂ ಬೆರಳು ತೋರಿಸುವಂತಿರಬಾರದು. ತಪ್ಪು ಇದ್ದದ್ದು ಒಳಗೆ. ಬೋಲ್ಟು ನೈಲಾನಿನೊಳಗೆ ಹೋಗುವ ಜಾಗದಲ್ಲಿ, ಸುತ್ತಲೂ ಒಂದು ಗೆರೆ. ಅಗಲ ಕೂದಲೆಳೆಯಷ್ಟು, ಆಳ ಮಾತ್ರ ಬೋಲ್ಟಿನ ಅರ್ಧದವರೆಗೆ. ಪಕ್ಕದಿಂದ ಒಂದು ಪೆಟ್ಟು ಬಿದ್ದರೆ ಕಡ್ಡಿಯಂತೆ ಮುರಿಯಬೇಕು. ಎರಡಕ್ಕೂ ಹಾಗೇ ಮಾಡಿದ. ಒಂದಕ್ಕಿದ್ದು ಇನ್ನೊಂದಕ್ಕಿಲ್ಲದಿದ್ದರೆ ಅನುಮಾನ ಬಂದೀತು. ಕೇಳಿದರೆ ಕಬ್ಬಿಣ ಕೆಟ್ಟದಿತ್ತು ಎನ್ನುವುದು. ಅಷ್ಟು ವರ್ಷಗಳಲ್ಲಿ ಅವನು ಕಡೆದ ಒಂದು ತುಂಡೂ ವಾಪಸು ಬಂದಿರಲಿಲ್ಲ. ಆ ಹೆಸರನ್ನು ಚರಂಡಿಗೆ ಎಸೆಯಲು ಮನಸ್ಸು ಗಟ್ಟಿ ಮಾಡಿಕೊಂಡ.

ಭಾನುವಾರ ತಾನೇ ಕೂತು ಜೋಡಿಸಿದ. ನೈಲಾನು ಸರಿಯಾಗಿ ಕೂರಬೇಕು, ನಾಲ್ಕು ದಿನ ಗಾಡಿ ತೆಗೆಯಬೇಡ ಎಂದ. ಹಾಗೆಂದರೆ ಆ ಬೋಲ್ಟಿನ ಮೇಲೆ ಮಗ ಒಂದು ಮೈಲಿಯನ್ನೂ ಓಡಿಸುವುದಿಲ್ಲ. ಬಸು ಮರುಮಾತಾಡದೆ ಬಸ್ಸಿಗೆ ಹೋದ.

ಗುರುವಾರ ಬೆಳಿಗ್ಗೆ ವಠಾರಕ್ಕೆ ನೀರಿನ ಟ್ಯಾಂಕರ್ ಬರುತ್ತದೆ. ನೀರು ಚೆಲ್ಲಿ ಅಂಗಳದ ಮಣ್ಣು ಮೆತ್ತಗಾಗುತ್ತದೆ. ಸ್ಟ್ಯಾಂಡು ಮಣ್ಣಿನಲ್ಲಿ ಇಳಿದರೆ ಗಾಡಿ ಎಡಕ್ಕೇ ಬೀಳಬೇಕು. ಎಡಕ್ಕೆ ಚರಂಡಿಯ ಶಹಾಬಾದಿ ಕಲ್ಲಿನ ಅಂಚು. ಎಲ್ಲರೂ ಕೊಡ ಹಿಡಿದು ಟ್ಯಾಂಕರಿನ ಸುತ್ತ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಜಗಳವಾಡುತ್ತಿದ್ದಾಗ ಅಮರೇಶಪ್ಪ ಗಾಡಿಯ ಪಕ್ಕ ಹಾದುಹೋದ. ಒಂದು ಕೈ ಸಾಕಾಯಿತು. ಬೋಲ್ಟು ಅವನು ಗೆರೆ ಬರೆದಲ್ಲೇ ಮುರಿಯಿತು. ಫೇರಿಂಗ್ ನಾಲ್ಕು ಚೂರಾಯಿತು, ಕಲ್ಲಿನ ಅಂಚಿಗೆ ಎಂಜಿನ್ನಿನ ಹೊಟ್ಟೆ ಒಡೆದು ಎಣ್ಣೆ ಚರಂಡಿಗೆ ಹರಿಯಿತು. ಯಾರೂ ನೋಡಲಿಲ್ಲ.

ಬಸು ಮುರಿದ ಸ್ಲೈಡರನ್ನು ಎತ್ತಿ ನೋಡಿದ. ಅಮರೇಶಪ್ಪ ತಲೆ ತಗ್ಗಿಸಿ, "ಕಬ್ಬಿಣ ಕೆಟ್ಟದಿತ್ತಪ್ಪಾ. ನನಗ ತಿಳೀಲಿಲ್ಲ," ಎಂದ. ಹುಡುಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತುಂಡನ್ನು ಜೇಬಿಗೆ ಹಾಕಿಕೊಂಡು ಅಪ್ಪನ ಹೆಗಲ ಮೇಲೆ ಕೈಯಿಟ್ಟ.

"ಇದು ಮುರೀತಂತ ಯಾರ ಮುಂದೂ ಅನಬ್ಯಾಡಪ್ಪಾ. ನಾನೂ ಅನ್ನೂದಿಲ್ಲ. ನಿನ್ನ ಹೆಸರು ಕೆಡಬಾರದು."

ಹಸಿ ಮಣ್ಣಿನಲ್ಲಿ ನಿಲ್ಲಿಸಿದ್ದು ತನ್ನದೇ ತಪ್ಪು ಎಂದು ವಠಾರಕ್ಕೆಲ್ಲ ಸಾರಿದ. ಅಮರೇಶಪ್ಪ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತ. ಮೆಕ್ಯಾನಿಕ್ ಆಗದೆಂದು ಕೈ ಅಲ್ಲಾಡಿಸಿಬಿಟ್ಟ. ಗಾಡಿ ಗುಜರಿಗೆ ಹೋಯಿತು. ಬಸು ಬಸ್ ಪಾಸ್ ಮಾಡಿಸಿದ. ಆ ವಾರ ಶಿವದೇವಿ ಗಂಡ ಮಗನ ಜೊತೆ ಕೂತು ಎರಡು ರೊಟ್ಟಿ ತಿಂದಳು. ಅವಳು ತಿನ್ನುವುದನ್ನೇ ನೋಡುತ್ತ ಅಮರೇಶಪ್ಪ ತನ್ನ ತಟ್ಟೆ ಮರೆತ. ಇಂಥ ಪಾಪ ಇನ್ನೂ ಹತ್ತು ಮಾಡಲು ಅವನು ಸಿದ್ಧನಿದ್ದ.

ಮೂರು ವಾರ ಹಾಗೆ ಕಳೆಯಿತು. ನಾಲ್ಕನೆಯ ವಾರದ ಸೋಮವಾರ ಬಸ್ಸು ತಪ್ಪಿತು. ಅದೇ ಆಫೀಸಿನ ಗೆಳೆಯ ರಾಹುಲನ ಬೈಕಿನ ಹಿಂದೆ ಬಸು ಕೂತ. ಅದೂ ಅಂಥದೇ ರೇಸಿನ ಗಾಡಿ. ತಾರ್ನಾಕದ ಹತ್ತಿರ ಆಟೋ ಒಂದು ಅಡ್ಡ ತಿರುಗಿತು, ರಾಹುಲ ಬ್ರೇಕು ಹಾಕಿದ, ಗಾಡಿ ಪಕ್ಕಕ್ಕೆ ಬಿತ್ತು. ಹೋಗುತ್ತಿದ್ದದ್ದು ಸೈಕಲ್ಲಿನ ವೇಗದಲ್ಲಿ. ರಾಹುಲ ಮೊಣಕೈ ತರಚಿಕೊಂಡು ಎದ್ದ. ನೆಲಕ್ಕೆ ಚಪ್ಪಟೆಯಾಗಿ ಮಲಗಿದ ಗಾಡಿಯ ಅಡಿ ಬಸುವಿನ ಕಾಲು ಸಿಕ್ಕಿತ್ತು. ಅವನು ಅದನ್ನು ಎಳೆದುಕೊಳ್ಳುವಷ್ಟರಲ್ಲಿ ಹಿಂದಿನ ಲಾರಿ ಬಂತು.

ಮಗನನ್ನು ಮಣ್ಣು ಮಾಡಿ ಬಂದ ಅಮರೇಶಪ್ಪ ಗೋಡೆಗೆ ಒರಗಿ ಕೂತು ತನ್ನ ಲೆಕ್ಕಾಚಾರವನ್ನೇ ಮತ್ತೆ ಮತ್ತೆ ತಿರುಗಿಸಿ ನೋಡಿದ. ಎಲ್ಲವನ್ನೂ ಯೋಚಿಸಿದ್ದ. ಸ್ವಂತ ಗಾಡಿ ಇಲ್ಲದವನು ಇನ್ನೊಬ್ಬರ ಗಾಡಿ ಹತ್ತುತ್ತಾನೆ ಎಂಬ ಇಷ್ಟೇ ಇಷ್ಟು ಹೊಳೆಯದೇ ಹೋಯಿತಲ್ಲ! ಹಣೆಯಲ್ಲಿ ಬರೆದದ್ದನ್ನು ಲೇತಿಗೆ ಹಾಕಿ ತೆಗೆಯಲಾದೀತೇ ಎಂದುಕೊಂಡ. ಶಿವದೇವಿ ಅಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬಾಗಿಲಲ್ಲಿ ಕೂತಿದ್ದಳು.

ಮೂರನೆಯ ದಿನ ಸುಬ್ಬಣ್ಣ ಬಂದ. ಅಮರೇಶಪ್ಪ ಬೆಳಗಿನ ಪಾಳಿಯಲ್ಲಿ ನಿಲ್ಲುವ ಲೇತಿನ ಮುಂದೆ ಸಂಜೆಯ ಪಾಳಿಗೆ ನಿಲ್ಲುವವನು. ಕೆಲಸ ಕಲಿತದ್ದೂ ಇವನ ಕೈಯಲ್ಲೇ. ಬಹಳ ಹೊತ್ತು ಅತ್ತು, ಮೂಗು ಒರೆಸಿಕೊಂಡು, ಬಸು ತನ್ನಲ್ಲಿಗೆ ಬಂದಿದ್ದನ್ನು ಹೇಳಿದ. ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಆ ನಾಲ್ಕು ದಿನಗಳಲ್ಲೇ, ಒಂದು ಸಂಜೆ, ಹುಡುಗ ಒಂದು ಸ್ಲೈಡರ್ ಬಿಚ್ಚಿ ತಂದಿದ್ದನಂತೆ. ಅಪ್ಪನ ಕೈಕೆಲಸದ ಫೋಟೋ ನೋಡಿ ಗೆಳೆಯರೆಲ್ಲ ಆಸೆಪಟ್ಟಿದ್ದರು. ವಯಸ್ಸಾದ ಅಪ್ಪನಿಗೆ ತ್ರಾಸ ಯಾಕೆಂದು ಎಂಟು ಜೋಡಿ ಸುಬ್ಬಣ್ಣನಿಂದ ಮಾಡಿಸಿದ್ದ. ಮೊದಲ ಜೋಡಿ ರಾಹುಲನ ಗಾಡಿಗೆ. ಅಂಗಳದಲ್ಲಿ ತನ್ನ ಗಾಡಿ ಬಿದ್ದ ಮೇಲೆ ಬಸು, ನಿಮ್ಮ ಕಬ್ಬಿಣ ಚಲೋ ಐತಲ್ಲ ಎಂದು ಕೇಳಲೂ ಬಂದಿದ್ದನಂತೆ. ಒಳ್ಳೆಯ ಕಬ್ಬಿಣದ ಹೊಸ ಬೋಲ್ಟನ್ನು ಸುಬ್ಬಣ್ಣ ತೋರಿಸಿದ ಮೇಲೆ ನೆಮ್ಮದಿಯಿಂದ ಹೋದನಂತೆ. ನಾಚಾರಂನಲ್ಲಿ ಯಾರೂ ನಕ್ಷೆ ಕೇಳುವುದಿಲ್ಲ. ಕೈಗೆ ಬಂದ ಮಾದರಿಯೇ ನಕ್ಷೆ, ಇದ್ದದ್ದನ್ನು ಇದ್ದಂತೆ ಕಡೆಯುವುದು. "ನೀವು ಹಾಕಿದ ಮ್ಯಾಲೆ ಏನರ ಕಾರಣ ಇರತೈತಿ ಅಂತ, ಬೋಲ್ಟಿನ ಒಳಗಿನ ಗೆರಿ ಸೈತ ಬಿಟ್ಟಿಲ್ಲರಿ ಉಸ್ತಾದ್. ಅಷ್ಟ ಅಗಲ, ಅಷ್ಟ ಆಳ. ಉಳಿದ ಏಳೂ ಜೋಡಿ ಹಾಕ್ಕೊಂಡು ಹುಡುಗರು ಇವತ್ತೂ ಅಡ್ಡಾಡಾಕತ್ತಾರ, ಬಸುನ ನೆನಪು ಅಂತ." ಅಮರೇಶಪ್ಪ ಎದ್ದು ಚಪ್ಪಲಿ ಹುಡುಕಿದ. ಬಾಗಿಲಲ್ಲಿ ಕೂತಿದ್ದ ಶಿವದೇವಿ ಮೂರು ದಿನದಲ್ಲಿ ಮೊದಲ ಸಲ, ಗಂಡನ ಕಡೆ ತಿರುಗಿ, ಬಾಯಿ ತೆರೆದಳು. "ಯಾವ ಗೆರಿರಿ ಅದು?"