ಮೂರು ಗಂಟೆಗೆ ಎಚ್ಚರಾಗುವ ಕಾರು

"ಅಯ್ಯಯ್ಯೋ!"

ಅವಳ ಕೈಯಲ್ಲಿದ್ದ ಟಾರ್ಚ್ ನೆಲಕ್ಕೆ ಬಿತ್ತು. ನೆಲಮಾಳಿಗೆಯ ಪಾರ್ಕಿಂಗಿನ ಕೊನೇ ಮೂಲೆಯಲ್ಲಿ, ದೀಪವಿಲ್ಲದ ಕಾರಿನೊಳಗೆ ಒಬ್ಬ ಗಂಡಸು ಅಲುಗಾಡದೆ ಕೂತಿದ್ದ... ಕಣ್ಣು ಬಿಟ್ಟುಕೊಂಡೇ!

ಅವನು ಗಡಿಬಿಡಿಯಿಂದ ಇಳಿದ. "ಹೆದರಿಸಿಬಿಟ್ನಾ? ಕ್ಷಮಿಸಿ. ನಾನೇ ನಿಮಗೆ ಫೋನ್ ಮಾಡಿದ್ದು."

"ಹೊರಗೆ ಮಟಮಟ ಮಧ್ಯಾಹ್ನ. ಇಲ್ಲಿ ನೋಡಿದ್ರೆ ದೆವ್ವದ ಥರ ಕೂತಿದೀರಲ್ಲ!"

ಅವನು ಹಡಗಿನ ಅಡುಗೆಯವನು. ನಾಳೆ ಹೊರಟರೆ ಏಳು ವಾರ ನೀರಿನ ಮೇಲೆ; ಅಷ್ಟು ದಿನ ನಿಂತೇ ಇರುವ ಕಾರನ್ನು ಸಜ್ಜು ಮಾಡಲು ಅವಳನ್ನು ಕರೆಸಿದ್ದ. ಅವಳು ಎಲೆಕ್ಟ್ರಿಕ್ ಕಾರಿನ ಮೆಕ್ಯಾನಿಕ್. ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ 'ಕರೆಂಟಮ್ಮ'.

"ಫುಲ್ ಚಾರ್ಜ್ ಮಾಡಿಟ್ಟಿದೀನಿ," ಅಂದ.

"ಅದೇ ತಪ್ಪು! ಹೊಟ್ಟೆ ಬಿರಿಯೋ ಹಾಗೆ ತಿಂದು ಏಳು ವಾರ ಮಲಗೋಕಾಗುತ್ತಾ? ಹಾಗಂತ ಉಪವಾಸಾನೂ ಕೂಡದು. ಅರ್ಧಕ್ಕಿಂತ ಚೂರು ಮೇಲಿದ್ರೆ ಸಾಕು. ಓಡಿಸಿ ಇಳಿಸೋಣ, ಬನ್ನಿ."

ಊರಾಚೆಯ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದರು. ಅಲೆ ಎದ್ದಾಗ ಹಾಲಿನ ಪಾತ್ರೆಯನ್ನು ಒಲೆಗೆ ಕಟ್ಟಿಹಾಕುವ ಕಥೆ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಾರ್ಜ್ ಐವತ್ತೈದಕ್ಕೆ ಬಂದಾಗ, 'ಇಷ್ಟು ಬೇಗ ಇಳೀತಾ?' ಅನ್ನಿಸಿ ಅವಳಿಗೇ ನಾಚಿಕೆಯಾಯಿತು.

ವಾಪಸ್ ಬಂದು ಟೈರುಗಳಿಗೆ ಗಾಳಿ ತುಂಬಿ, ಬಾನೆಟ್ ಎತ್ತಿದಳು. "ಈ ಸಣ್ಣ ಬ್ಯಾಟರಿಯ ವೈರ್ ಬಿಚ್ಚಿಟ್ರೆ ಕಾರು ಪೂರ್ತಿ ನಿದ್ದೆ ಮಾಡುತ್ತೆ."

ಅವನ ಮುಖ ಬಿಳಿಚಿಕೊಂಡಿತು. "ಬೇಡ! ಅದೊಂದು ಬಿಚ್ಚಬೇಡಿ!"

"ಯಾಕೆ?"

"ಸುಮ್ನೆ..."

"ಹಾಗಾದ್ರೆ ಪ್ರತಿ ಬುಧವಾರ ನಾನು ಬಂದು ನೋಡಬೇಕಾಗುತ್ತೆ. ನೀವು ಮಾತ್ರ ಫೋನಲ್ಲಿ ಇದರ ಆ್ಯಪ್ ತೆರೀಬೇಡಿ. ತೆರೆದಾಗಲೆಲ್ಲ ಕಾರು ಎಚ್ಚರಾಗಿ ಚಾರ್ಜ್ ತಿನ್ನುತ್ತೆ."

ಅವನು ತಲೆ ತಗ್ಗಿಸಿ ಕಾರಿನ ಕೀಯನ್ನು ಅವಳ ಕೈಗಿಟ್ಟ.

ಮೊದಲ ಬುಧವಾರ ಅವಳು ಕಾರಿನ ಹತ್ತಿರ ಬಂದಾಗ ಮಧ್ಯಾಹ್ನ ಸರಿಯಾಗಿ ಮೂರು ಗಂಟೆ.

ಟಕ್!

ಒಳಗಿನ ದೀಪ ಹೊತ್ತಿತು. ಡ್ರೈವರ್ ಸೀಟು ತಾನಾಗಿಯೇ ಮುಂದಕ್ಕೆ ಸರಿಯಿತು... ಮೆಲ್ಲಗೆ ಮೇಲೆದ್ದಿತು... ಯಾರೋ ಕುಳ್ಳಗಿನವರು ಬಂದು ಕೂತ ಹಾಗೆ. ಕನ್ನಡಿ ಕೂಡ ಬಾಗಿತು.

"ಯಾರದು?"

ಕಂಬಗಳ ಸಂದಿಯಿಂದ ಅವಳ ದನಿಯೇ ತಿರುಗಿ ಬಂತು. ಚಾರ್ಜ್ ಐವತ್ತೊಂದು.

ಮುಂದಿನ ಬುಧವಾರವೂ ಅದೇ ಹೊತ್ತು, ಅದೇ ಸೀಟು. ನಲವತ್ತೇಳು. ಎದೆ ಡವಗುಟ್ಟಿದರೂ ಹಿಡಿದ ಕೆಲಸ ಬಿಡುವ ಜಾಯಮಾನ ಅವಳದಲ್ಲ. ಮೂರನೇ ವಾರ ಹಲ್ಲು ಕಚ್ಚಿ ಒಳಗೆ ಕೂತು ಸ್ಕ್ರೀನ್ ಕೆದಕಿದಳು. ದಿನಾ ಮೂರು ಗಂಟೆಗೆ ಯಾರೋ ಕಾರನ್ನು ಎಬ್ಬಿಸಿದ್ದಾರೆ. ಎಬ್ಬಿಸಿದವರ ಹೆಸರು...

'ಅಮ್ಮ'.

ಮೈ ಜುಮ್ಮೆಂದಿತು. ಒಂದೇ ಓಟಕ್ಕೆ ಗೇಟಿಗೆ ಬಂದಳು.

"ಅವರಮ್ಮನಾ?" ಗೇಟು ಕಾಯುವ ಅಜ್ಜಿ ಅವಳನ್ನೇ ದಿಟ್ಟಿಸಿದಳು. "ಅವರು ತೀರಿಕೊಂಡು ಮೂರು ತಿಂಗಳ ಮೇಲಾಯ್ತಲ್ಲ ಮಗಳೇ! ಕಾರು ಅವರದೇ. ಕುಳ್ಳಗಿದ್ರು ಪಾಪ, ಸೀಟು ಮುಂದಕ್ಕೆ ಎಳ್ಕೊಂಡು ಓಡಿಸ್ತಿದ್ರು."

"ಅವರ... ಫೋನು?"

"ಮಗನ ಜೇಬಲ್ಲೇ ಇತ್ತು. ಹೊರಡೋವಾಗ ನಾನೇ ನೋಡಿದ್ನಲ್ಲ."

ಹೆದರಿಕೆ ಇಳಿಯಿತು, ಸಿಟ್ಟು ನೆತ್ತಿಗೇರಿತು. 'ನಾನು ಬರೋದು ಗೊತ್ತಿದ್ದೂ ಅಲ್ಲಿ ಕೂತು ನನ್ನ ಹೆದರಿಸಿ ನಗ್ತಿದಾನಾ!'

ಹೋಗಿ ವೈರ್ ಬಿಚ್ಚಿಹಾಕಿದಳು. ಅವನಿಗೆ ಮೆಸೇಜ್ ಮಾಡಿದಳು: "ತೀರಿಕೊಂಡವರ ಹೆಸರಲ್ಲಿ ಇಂಥ ಆಟ ಆಡೋಕೆ ನಾಚಿಕೆ ಆಗಲ್ವಾ? ವೈರ್ ಬಿಚ್ಚಿದೀನಿ. ಇನ್ನು ನಾನು ಬರಲ್ಲ."

ಮರುದಿನ ಒಂದೇ ಪದ ಬಂತು. "ಕ್ಷಮಿಸಿ."

ಬರಲ್ಲ ಅಂದವಳನ್ನು ಬುಧವಾರ ಕಾಲುಗಳೇ ಎಳೆದು ತಂದವು. ಮೂರಾಯಿತು. ಸದ್ದಿಲ್ಲ, ದೀಪವಿಲ್ಲ. ಎಲ್ಲೋ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ. ಸೀಟು ಸರಿದಾಗ ಆಗಿದ್ದಕ್ಕಿಂತ ಈಗ ಹೆಚ್ಚು ಭಯವಾಯಿತು... ಯಾರದೋ ಉಸಿರನ್ನು ತನ್ನ ಕೈಯಾರೆ ನಿಲ್ಲಿಸಿದ ಹಾಗೆ.

ಏಳು ವಾರ ಮುಗಿದ ದಿನ, ಹೇಳದೆ ಕೇಳದೆ ಅವಳೇ ವೈರ್ ಜೋಡಿಸಲು ಬಂದಳು.

"ಬರಲ್ಲ ಅಂದಿದ್ರಿ..."

ಬೆನ್ನ ಹಿಂದೆ ಅವನು! ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಸೇರಿದ್ದವು.

"ಆಟ ಆಡಿದ್ದಲ್ಲ," ಅಂದ. "ಹಡಗು ಎಲ್ಲೇ ಇರಲಿ, ಇಲ್ಲಿ ಮೂರು ಗಂಟೆ ಆಗ್ತಿದ್ದ ಹಾಗೆ ಅಮ್ಮನಿಗೆ ಫೋನ್ ಮಾಡ್ತಿದ್ದೆ. ಈಗ ಎತ್ತೋರಿಲ್ಲ. ಅವಳ ಫೋನಿನ ಆ್ಯಪಿಂದ ಕರೆದ್ರೆ ಕಾರಾದ್ರೂ ಏಳ್ತಿತ್ತು... ಅವಳಿಗೆ ಅಂತ ಸೀಟು ಸರಿಸಿಕೊಡ್ತಿತ್ತು. ನೀವು ಆ ಹೊತ್ತಿಗೇ ಬರ್ತೀರಿ ಅಂತ ಗೊತ್ತಿರಲಿಲ್ಲ, ನಿಮ್ಮಾಣೆ!"

ಅವಳು ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟಳು. "ನಾನು ಬಾಯಿಗೆ ಬಂದದ್ದು ಬರೆದೆ..."

"ಬರೆದದ್ದು ಒಳ್ಳೇದೇ ಆಯ್ತು. ಅಲ್ಲಿವರೆಗೆ ನಾನು ಅತ್ತಿರಲೇ ಇಲ್ಲ."

ಅವಳು ವೈರ್ ಜೋಡಿಸಿ ಬಾನೆಟ್ ಮುಚ್ಚಿದಳು.

"ಮುಂದಿನ ಸಲ ಹೊರಟಾಗ ನನಗೆ ಫೋನ್ ಮಾಡಿ," ಅಂದಳು. "ನಾನು ಎತ್ತುತ್ತೀನಿ."

"ದಿನಾ ಮಾಡಿದ್ರೆ ಬೇಜಾರಾಗಲ್ವಾ?"

"ಒಂದು ದಿನ ತಪ್ಪಿಸಿ ನೋಡಿ, ಗೊತ್ತಾಗುತ್ತೆ!"

ಅವನು ನಕ್ಕುಬಿಟ್ಟ. "ನಾನು... ಹೇಗೆ ಹೇಳಲಿ... ನೀವಂದ್ರೆ ನನಗೆ..."

"ಅದಕ್ಕೂ ನಾನೇ ಹೇಳಿಕೊಡಬೇಕಾ? ಕೈ ಕೊಡಿ. ನನ್ನ ಕೈ ತುಂಬ ಮಸಿ, ಅಂಟುತ್ತೆ ನೋಡಿ ಮತ್ತೆ."

"ಅಂಟಲಿ," ಅಂದ ಅವನು, ಹಿಡಿದ ಕೈ ಬಿಡದೆ.