ಮಿಡತೆಯ ಕೈಗೆ ಒಪ್ಪಿದ ಡಿಸ್ಕ್

“ನನ್ನ ಬ್ಯಾಂಡೇಜ್ ಪಟ್ಟಿ ಎಲ್ಲಿ ಹೋಯ್ತು? ಯಾರಾದ್ರೂ ನೋಡಿದ್ರಾ?”

ಬಚ್ಚಲುಮನೆಯ ಬಾಗಿಲಾಚೆ ಅಜ್ಜಿಯ ದನಿ ಕೇಳಿದ್ದೇ ತಡ, ಮಿಡತೆಯ ಕೈ ಹಾಗೇ ನಿಂತುಬಿಟ್ಟಿತು. ಅಜ್ಜಿ ಹುಡುಕುತ್ತಿದ್ದ ಪಟ್ಟಿ ಆಗಲೇ ಅವಳ ಬಲಗೈ ಮಣಿಕಟ್ಟನ್ನು ಸುತ್ತಿತ್ತು. ಉಳಿದ ತುದಿ ಒದ್ದೆ ನೆಲದ ಮೇಲೆ ಬಿದ್ದಿತ್ತು.

“ನನ್ನ ಹತ್ರ ಇದೆ ಅಜ್ಜಿ. ಕೈ ಉಳುಕಿದೆ.”

“ಯಾವಾಗ?”

“ಬೆಳಿಗ್ಗೆ. ಸೋಪು ಜಾರ್ತು.”

“ಸೋಪು ಜಾರಿದ್ರೆ ಸೋಪು ತಾನೇ ಉಳುಕಬೇಕು,” ಎಂದರು ಅಜ್ಜಿ. “ಹೊರಗೆ ಬಾ, ನೋಡೋಣ.”

ಮಿಡತೆ ಅನ್ನುವುದು ಅವಳ ನಿಜವಾದ ಹೆಸರಲ್ಲ. ನಡೆಯಬೇಕಾದ ಕಡೆಯಲ್ಲೆಲ್ಲ ಕುಪ್ಪಳಿಸಿಕೊಂಡು ಹೋಗುತ್ತಾಳೆಂದು ಅಣ್ಣ ಇಟ್ಟ ಹೆಸರು. ಈಚೆಗೆ ಶಾಲೆಯಲ್ಲೂ ಹಾಗೇ ಕರೆಯುತ್ತಿದ್ದರು. ಆದರೆ ಈ ವಾರ ಅವಳು ಕುಪ್ಪಳಿಸಿದ್ದನ್ನು ಯಾರೂ ನೋಡಿರಲಿಲ್ಲ.

ಕಾರಣ, ನಾಳೆಯ ಮ್ಯಾಚು. ಅವಳೂ ಕ್ಲಾಸಿನ ಇನ್ನು ಮೂವರೂ ಒಂದು ಟೀಮಾಗಿ ಡಿಸ್ಕ್ ಗಾಲ್ಫ್ ಆಡುತ್ತಿದ್ದರು. ಈ ಆಟದಲ್ಲಿ ಚೆಂಡೂ ಇಲ್ಲ, ಕೋಲೂ ಇಲ್ಲ. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯುತ್ತ ಎಸೆಯುತ್ತ ಹೋಗಿ, ದೂರದಲ್ಲಿರುವ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಬುಟ್ಟಿಯ ಮೇಲೆ ಸರಪಳಿಗಳು ನೇತಾಡುತ್ತಿರುತ್ತವೆ. ಡಿಸ್ಕ್ ಅದಕ್ಕೆ ತಾಗಿದರೆ ಝಣ್ ಎನ್ನುತ್ತದೆ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಟೀಮಿನ ನಾಲ್ವರೂ ಸರದಿಯಂತೆ ಎಸೆಯಬೇಕು. ಒಬ್ಬರ ಡಿಸ್ಕ್ ಎಲ್ಲಿ ಬಿತ್ತೋ, ಮುಂದಿನವರು ಅಲ್ಲೇ ನಿಂತು ಎಸೆಯಬೇಕು.

ಕಷ್ಟ ಇದ್ದದ್ದೇ ಅಲ್ಲಿ. ಮಿಡತೆ ಎಷ್ಟೇ ನೇರವಾಗಿ ಗುರಿಯಿಟ್ಟರೂ ಅವಳ ಡಿಸ್ಕ್ ಸ್ವಲ್ಪ ದೂರ ಹೋಗಿ, ಎಡಕ್ಕೆ ವಾಲಿ, ಪೊದೆಯೊಳಗೆ ಕುಸಿಯುತ್ತಿತ್ತು. ಅವಳ ನಂತರದ ಸರದಿ ಕ್ಯಾಪ್ಟನ್‌ನದು. ಪಾಪ, ಅವನು ಮುಳ್ಳಿನ ನಡುವೆ ಒಂಟಿ ಕಾಲಿನಲ್ಲಿ ನಿಂತು ಎಸೆಯಬೇಕಾಗುತ್ತಿತ್ತು. ನಿನ್ನೆ ಅವನ ಅಂಗಿಯ ತೋಳು ಹರಿಯಿತು. ಅವನು ಬೈಯಲಿಲ್ಲ. ಹರಿದ ತೋಳನ್ನೊಮ್ಮೆ ನೋಡಿ ಮೇಲಕ್ಕೆ ಮಡಚಿಕೊಂಡ. ಬೈದಿದ್ದರೇ ವಾಸಿಯಿತ್ತು ಎನಿಸಿತು ಮಿಡತೆಗೆ.

ಅದಕ್ಕೇ ಇವತ್ತು ಬೆಳಿಗ್ಗೆ ಅಮ್ಮನ ಫೋನಿನಿಂದ ಅವನಿಗೆ, “ಕೈ ಉಳುಕಿದೆ, ನಾಳೆ ಬರೋಕಾಗಲ್ಲ” ಎಂದು ಹೇಳಿಬಿಟ್ಟಿದ್ದಳು. ಉಳುಕಿದ ಕೈಗೆ ಪಟ್ಟಿ ಇರಬೇಕಲ್ಲ ಎಂದು ಆಮೇಲೆ ಹೊಳೆದಿತ್ತು.

ಅಜ್ಜಿ ಪಟ್ಟಿ ಸುತ್ತಿದ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇರಲಿ, ಇವತ್ತು ನೀನೇ ಕಟ್ಕೋ. ನನ್ನ ಭುಜಕ್ಕೆ ಇನ್ನು ಪಟ್ಟಿ ಬೇಡ ಅಂದಿದಾರೆ ಡಾಕ್ಟರು, ಅಭ್ಯಾಸಕ್ಕೆ ಹುಡುಕ್ತಿದ್ದೆ ಅಷ್ಟೆ. ಡಿಸ್ಕ್ ಎಸೆದು ನೋಡಬಹುದು ಅಂತಾನೂ ಅಂದ್ರು. ಅಂಗಡಿಗೆ ಹೋಗ್ತಿದೀನಿ, ಬಾ. ಚೀಲ ಹಿಡಿಯೋಕೆ ನಿನ್ನ ಎಡಗೈ ಸಾಕು.”

ಅಜ್ಜಿ ತುಂಬಾ ವರ್ಷ ಸಿಟಿ ಬಸ್ ಓಡಿಸಿದವರು. ಆಗಿನಿಂದಲೂ ರಜೆ ದಿನ ಬಂದರೆ ಗೆಳತಿಯರ ಜೊತೆ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಆಡುತ್ತಿದ್ದರು. ಹೋದ ವರ್ಷ ಮೆಟ್ಟಿಲಿನಿಂದ ಬಿದ್ದು ಭುಜದ ಆಪರೇಶನ್ ಆದಮೇಲೆ ಆಟ ನಿಂತಿತ್ತು. ಡಿಸ್ಕುಗಳ ಚೀಲ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಗೆಳತಿಯರು ಫೋನ್ ಮಾಡಿದಾಗಲೆಲ್ಲ ಅಜ್ಜಿ, “ಮುಂದಿನ ವಾರ ನೋಡೋಣ” ಎನ್ನುತ್ತಿದ್ದರು.

ಆಟದ ಸಾಮಾನಿನ ಅಂಗಡಿ ಮುಖ್ಯ ರಸ್ತೆಯಲ್ಲಿತ್ತು. ಹಿಂದುಗಡೆ ಉದ್ದಕ್ಕೆ ಖಾಲಿ ಜಾಗ, ಕೊನೆಯಲ್ಲಿ ಒಂದು ಬುಟ್ಟಿ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ಅಂಗಡಿಯಾಕೆ ಅಜ್ಜಿಯನ್ನು ಕಂಡು ಕುರ್ಚಿಯಿಂದ ಎದ್ದರು.

“ಬನ್ನಿ ಡ್ರೈವರಮ್ಮ. ಎಷ್ಟು ದಿನ ಆಯ್ತು. ಭುಜ ಹೇಗಿದೆ?”

“ಇದೆ, ಜಾಗದಲ್ಲೇ ಇದೆ,” ಎಂದರು ಅಜ್ಜಿ. “ಸ್ವಲ್ಪ ಎಸೆದು ನೋಡ್ಲಾ?”

ಅಜ್ಜಿ ಚೀಲದಿಂದ ತಮ್ಮ ಹಳೆಯ ಕೆಂಪು ಡಿಸ್ಕನ್ನು ತೆಗೆದರು. ಅದು ಅವರ ಅಚ್ಚುಮೆಚ್ಚಿನದು. ಅಂಚೆಲ್ಲ ಸವೆದಿತ್ತು. ಅವರು ಕಾಲು ಸರಿ ಮಾಡಿಕೊಂಡು, ಕೈಯನ್ನು ಹಿಂದಕ್ಕೆ ತಂದು, ಮೆಲ್ಲಗೆ ಎಸೆದರು.

ಕೆಂಪು ಡಿಸ್ಕ್ ಮೇಲೇರಿತು. ಇನ್ನೇನು ಹಾರುತ್ತದೆ ಅನ್ನುವಷ್ಟರಲ್ಲಿ ಎಡಕ್ಕೆ ವಾಲಿ, ನೀರಿನ ಟ್ಯಾಂಕಿನ ಪಕ್ಕ ಕುಸಿಯಿತು.

ಅಜ್ಜಿ ಇನ್ನೊಮ್ಮೆ ಎಸೆದರು. ಮತ್ತೆ ಎಡಕ್ಕೆ. ಮತ್ತೆ ಟ್ಯಾಂಕಿನ ಪಕ್ಕ.

ಮಿಡತೆ ಅಜ್ಜಿಯ ಮುಖ ನೋಡಿದಳು. ಇಕ್ಕಟ್ಟಿನ ಓಣಿಯಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗಲೂ ಅಜ್ಜಿ ಕಣ್ಣು ಮಿಟುಕಿಸುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಅದೇ ಅಜ್ಜಿ ಈಗ ಕೆಳತುಟಿ ಕಚ್ಚಿಕೊಂಡು ನಿಂತಿದ್ದರು.

“ಮುಗೀತು ಅನ್ಸುತ್ತೆ ನನ್ನ ಆಟ,” ಎಂದರು ಮೆಲ್ಲಗೆ.

“ಇಲ್ಲ ಅಜ್ಜಿ, ನಂದೂ ಹೀಗೇ ಹೋಗೋದು,” ಎಂದುಬಿಟ್ಟಳು ಮಿಡತೆ. “ಸೇಮ್ ಟು ಸೇಮ್. ಎಡಕ್ಕೆ ತಿರುಗಿ ಧೊಪ್ ಅಂತ.”

ಅಂಗಡಿಯಾಕೆ ಕನ್ನಡಕವನ್ನು ಮೂಗಿಗೆ ಇಳಿಸಿದರು. “ನಿಂದು ಯಾವ ಡಿಸ್ಕ್ ಪುಟ್ಟಾ?”

“ಅಣ್ಣಂದು. ನೀಲಿ ಬಣ್ಣ. ಸೂಪರ್ ಫಾಸ್ಟ್ ಅಂತೆ. ಅಣ್ಣ ಎಸೆದ್ರೆ ಪಾರ್ಕಿನ ಆ ತುದಿಗೆ ಹೋಗುತ್ತೆ.”

“ಅದರ ಮೇಲೆ ಏನಾದ್ರೂ ನಂಬರ್ ಇದೆಯಾ?”

“ಮೊದಲನೇದು ಹನ್ನೆರಡು.”

“ನಿಮ್ಮ ಕೆಂಪು ಡಿಸ್ಕ್ ಮೇಲೂ ಅದೇ ಹನ್ನೆರಡು, ನೋಡಿ ಡ್ರೈವರಮ್ಮ,” ಎಂದು ಅಂಗಡಿಯಾಕೆ ನಕ್ಕರು. “ಡಿಸ್ಕ್‌ಗಳಲ್ಲಿ ಇದಕ್ಕೂ ಡ್ರೈವರ್ ಅಂತಾನೇ ಹೆಸರು. ಡ್ರೈವರಮ್ಮನಿಗೇ ಡ್ರೈವರ್ ಕೈ ಕೊಡ್ತಲ್ಲ.”

ಅಜ್ಜಿಗೂ ನಗು ಬಂತು. ಅಂಗಡಿಯಾಕೆ ಮೂಲೆಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದರು. ಎಸೆದು ನೋಡಲೆಂದೇ ಇಟ್ಟ ಡಿಸ್ಕುಗಳು ಅದರ ತುಂಬ ಇದ್ದವು.

“ಈ ನಂಬರು ದೊಡ್ಡದಾದಷ್ಟೂ ಡಿಸ್ಕ್‌ಗೆ ಜೋರಾದ ಕೈ ಬೇಕು. ಅಷ್ಟು ವೇಗ ಕೊಡದೇ ಇದ್ರೆ ಅದು ಹಾರೋದೇ ಇಲ್ಲ. ಬಲಗೈಯವರದು ಎಡಕ್ಕೆ ಬಿದ್ದುಹೋಗುತ್ತೆ.”

“ಓ,” ಎಂದರು ಅಜ್ಜಿ. “ನಿಂತ ಬಸ್ಸನ್ನ ಟಾಪ್ ಗೇರಲ್ಲಿ ಎತ್ತೋಕೆ ಹೋದ ಹಾಗೆ. ಎರಡು ಸಲ ಜಗ್ಗಿ ಆಫ್ ಆಗಿಬಿಡುತ್ತೆ.”

“ಹಾಗೇ ಅನ್ನಿ. ಕೈ ನಿಧಾನ ಇದ್ದವರಿಗೆ ಚಿಕ್ಕ ನಂಬರು ಬೇಕು, ತೂಕ ಕಡಿಮೆ ಇರಬೇಕು. ಅಂಚೂ ತೆಳ್ಳಗಿದ್ರೆ ಈ ಪುಟ್ಟ ಕೈಗೆ ಸರಿಯಾಗಿ ಸಿಗುತ್ತೆ. ಜೊತೆಗೆ, ತಾನಾಗೇ ಸ್ವಲ್ಪ ಬಲಕ್ಕೆ ಎಳೆಯೋ ಅಂಥದ್ದಾದ್ರೆ ಇನ್ನೂ ಒಳ್ಳೇದು.”

ಮಿಡತೆ ಬಾಯಿಬಿಟ್ಟು ಕೇಳುತ್ತಿದ್ದಳು. “ಅಂದ್ರೆ, ನನ್ನ ಕೈ ಕೆಟ್ಟಿಲ್ವಾ?”

“ಉಳುಕಿದೆ ಅಂದ್ಯಲ್ಲ?” ಎಂದರು ಅಜ್ಜಿ, ಪೆಟ್ಟಿಗೆಯೊಳಗೆ ಕೈಯಾಡಿಸುತ್ತ.

ಮಿಡತೆ ಕಣ್ಣು ತಪ್ಪಿಸಿದಳು.

ಅಜ್ಜಿ ಹಸಿರು ಡಿಸ್ಕ್ ಎಸೆದರು. ಅದು ಪರವಾಗಿರಲಿಲ್ಲ, ಆದರೆ ಕೊನೆಗೆ ಎಡಕ್ಕೇ ಹೋಯಿತು. ಬಿಳಿಯದು ತೀರಾ ಹಗುರ. ಗಾಳಿ ಬೀಸಿದ್ದಕ್ಕೆ ಬಲಕ್ಕೆ ತೇಲಿಕೊಂಡು ಹೋಗಿ, ಪಕ್ಕದ ಮನೆಯವರು ಒಣಹಾಕಿದ್ದ ಹೊದಿಕೆಗೆ ತಾಗಿತು. ಅಂಗಡಿಯಾಕೆ ಹೋಗಿ ಕ್ಷಮೆ ಕೇಳಿ ಅದನ್ನು ತಂದರು. ಆಮೇಲೆ ಅಜ್ಜಿ ಒಂದು ಕಿತ್ತಳೆ ಬಣ್ಣದ್ದನ್ನು ತೆಗೆದು ಅಂಗೈ ಮೇಲೆ ತೂಗಿದರು. ಅದರ ಮೇಲೆ ಐದು ಎಂದಿತ್ತು.

ಕಿತ್ತಳೆ ಡಿಸ್ಕ್ ಅವಸರವಿಲ್ಲದೆ ಹೋಯಿತು. ಮೊದಲು ಒಂಚೂರು ಬಲಕ್ಕೆ, ಆಮೇಲೆ ನೇರಕ್ಕೆ. ಕೊನೆಯಲ್ಲಿ ಬುಟ್ಟಿಯ ಹತ್ತಿರ ಹುಲ್ಲಿನ ಮೇಲೆ ಕೂತಿತು.

“ಅಬ್ಬ,” ಎಂದರು ಅಜ್ಜಿ. “ಈ ವಾರ ಗೆಳತಿಯರಿಗೆ ಬರ್ತೀನಿ ಅನ್ನಬಹುದು.”

ಮಿಡತೆಗೆ ಇನ್ನು ತಡೆಯಲಾಗಲಿಲ್ಲ. ಅದೇ ಥರದ ಹಳದಿ ಡಿಸ್ಕೊಂದು ಪೆಟ್ಟಿಗೆಯಲ್ಲಿತ್ತು. ಅವಳು ಪಟ್ಟಿಯನ್ನು ಸರಸರನೆ ಬಿಚ್ಚಿ ಜೇಬಿಗೆ ತುರುಕಿ, ಡಿಸ್ಕ್ ಹಿಡಿದು ನಿಂತಳು. ಅಣ್ಣನ ಡಿಸ್ಕಿನ ದಪ್ಪ ಅಂಚು ಅವಳ ಬೆರಳಿಗೆ ಎಂದೂ ಸಿಗುತ್ತಿರಲಿಲ್ಲ. ಇದು ಸಿಕ್ಕಿತು. ಎಸೆದಳು.

ಡಿಸ್ಕ್ ನೇರವಾಗಿ ಹೋಯಿತು. ಎಡಕ್ಕೆ ತಿರುಗುತ್ತದೆ ಎಂದು ಅವಳು ಕಾದಳು. ತಿರುಗಲಿಲ್ಲ.

“ಅಜ್ಜಿ,” ಎಂದಳು.

“ನೋಡಿದೆ,” ಎಂದರು ಅಜ್ಜಿ. “ಉಳುಕು ಹೋಯ್ತಾ?”

“ಇರಲೇ ಇಲ್ಲ ಅಜ್ಜಿ.”

“ಗೊತ್ತು. ಪಟ್ಟಿ ಕಟ್ಕೊಂಡ ಕೈಯಲ್ಲೇ ಬಚ್ಚಲ ಬಾಗಿಲು ತಳ್ಕೊಂಡು ಬಂದ್ಯಲ್ಲ. ಟೀಮಿನವರಿಗೆ ಏನಂತ ಹೇಳಿದೀಯ?”

“ಬರಲ್ಲ ಅಂತ.”

ಅಜ್ಜಿ ಪಟ್ಟಿಗಾಗಿ ಕೈಚಾಚಿದರು. “ಓಣಿಯೊಳಗೆ ಗಾಡಿ ನುಗ್ಗಿಸಿದವರೇ ರಿವರ್ಸ್ ತೆಗೀಬೇಕು. ನಾಳೆ ಬೇಗ ಹೋಗು.”

ಅಜ್ಜಿ ತಮ್ಮ ಹಳೆಯ ವೇಗದ ಡಿಸ್ಕುಗಳನ್ನು ಅಲ್ಲೇ ಕೊಟ್ಟು, ಬದಲಿಗೆ ಕಿತ್ತಳೆಯದನ್ನೂ ಹಳದಿಯದನ್ನೂ ತೆಗೆದುಕೊಂಡರು. ಕೆಂಪನೆಯದನ್ನು ಕೊಡುವಾಗ ಅದರ ಸವೆದ ಅಂಚನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದರು. “ಜೋರು ಕೈಯವರು ಯಾರಾದ್ರೂ ಬಂದ್ರೆ ಕೊಡಿ,” ಎಂದರು.

ಸಂಜೆ ಕಾಲೇಜಿನಿಂದ ಬಂದ ಅಣ್ಣ ಹಳದಿ ಡಿಸ್ಕನ್ನು ತಿರುಗಿಸಿ ನೋಡಿದ. “ಐದಾ? ಇದು ಎಲ್ಲಿಗೆ ಹೋಗುತ್ತೆ ಮಿಡತೆ?” ಎಂದು ಮನೆಯ ಮುಂದೆ ನಿಂತು ಬೀಸಿ ಎಸೆದ. ಡಿಸ್ಕ್ ಪೂರ್ತಿ ಬಲಕ್ಕೆ ಮಗುಚಿ, ರಸ್ತೆಯ ಮೇಲೆ ಚಕ್ರದಂತೆ ಉರುಳಿ, ಎದುರುಮನೆಯ ಕಾರಿನಡಿಗೆ ಹೋಗಿ ಸೇರಿತು.

“ಇದೇನು ಹಿಂಗೆ?”

“ನಿನ್ನ ಕೈ ಅದಕ್ಕೆ ತುಂಬಾ ಫಾಸ್ಟು,” ಎಂದಳು ಮಿಡತೆ. ಅಣ್ಣ ಹೊಟ್ಟೆಯ ಮೇಲೆ ಮಲಗಿ ಕಾರಿನಡಿಯಿಂದ ಅದನ್ನು ಎಳೆಯುವವರೆಗೂ ಅಜ್ಜಿ, ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ನಕ್ಕರು. ಧೂಳು ಕೊಡವಿಕೊಂಡು ಬಂದ ಅಣ್ಣ ಡಿಸ್ಕನ್ನು ಅವಳ ಕೈಗಿಟ್ಟ. “ನಂದು ಕೊಟ್ರೆ ನಿಂಗೆ ಒಳ್ಳೇದಾಗುತ್ತೆ ಅನ್ಕೊಂಡಿದ್ದೆ ಕಣೇ,” ಎಂದ.

ಮರುದಿನ ಬೆಳಿಗ್ಗೆ ಮಿಡತೆ ಬೇಗನೇ ಪಾರ್ಕಿಗೆ ಹೋದಳು. ಟೀಮಿನವರು ಎಸೆಯುವ ಗೆರೆಯ ಹತ್ತಿರ ನಿಂತಿದ್ದರು. ಕ್ಯಾಪ್ಟನ್ ಪಕ್ಕದಲ್ಲಿ ಅವನ ಪುಟ್ಟ ತಂಗಿ ಮುಖ ಊದಿಸಿಕೊಂಡು ನಿಂತಿದ್ದಳು. ನಾಲ್ಕು ಜನ ಇಲ್ಲದಿದ್ದರೆ ಆಡಿಸುವುದಿಲ್ಲವೆಂದು ಅವಳನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದ.

“ಕೈ ಉಳುಕಿಲ್ಲ,” ಎಂದಳು ಮಿಡತೆ ನೇರವಾಗಿ. ನಿಂತು ಯೋಚಿಸಿದರೆ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. “ನಿನ್ನೆ ಸುಳ್ಳು ಹೇಳ್ದೆ. ನನ್ನಿಂದ ನಿನ್ನ ಅಂಗಿ ಹರೀತಲ್ಲ, ಅದಕ್ಕೆ. ಈಗ ಬೇರೆ ಡಿಸ್ಕ್ ತಂದಿದೀನಿ. ಆಡ್ಲಾ?”

ಕ್ಯಾಪ್ಟನ್ ಅವಳನ್ನೇ ನೋಡಿದ. ಅವನ ಕಿವಿ ಕೆಂಪಾಯಿತು. “ನಿನ್ನೆ ಸಂಜೆಯೆಲ್ಲ ಇವಳಿಗೆ ಎಸೆಯೋದು ಹೇಳಿಕೊಟ್ಟೆ, ಗೊತ್ತಾ? ಮೂರು ಸಲ ನನ್ನ ತಲೆಗೇ ಹೊಡೆದಳು.”

“ಸಾರಿ.”

“ಹಂಗಾದ್ರೆ ನಾನು ಹೋಗ್ಲಾ?” ಎಂದಳು ತಂಗಿ. ಉತ್ತರಕ್ಕೂ ಕಾಯದೆ ಉಯ್ಯಾಲೆಯ ಕಡೆಗೆ ಓಡಿದಳು. ಅದನ್ನು ನೋಡಿ ಕ್ಯಾಪ್ಟನ್ ದೊಡ್ಡದಾಗಿ ಉಸಿರು ಬಿಟ್ಟ. ತಲೆ ಮೇಲಿನ ಮೂಟೆ ಇಳಿಸಿದವನಂತೆ ಕಂಡ.

“ಇನ್ನೊಂದ್ಸಲ ಹಂಗೆ ಮಾಡ್ಬೇಡ,” ಎಂದ. “ನನಗಿಂತ ಮುಂಚೆ ನಿನ್ನ ಸರದಿ. ರೆಡಿಯಾಗು.”

ಆ ದಿನ ಅವರ ಟೀಮು ಗೆಲ್ಲಲಿಲ್ಲ, ಮೂರನೆಯದಾಗಿ ಬಂತು. ಆದರೆ ಮಿಡತೆಗೆ ಚೆನ್ನಾಗಿ ನೆನಪುಳಿದದ್ದು ತನ್ನ ಮೊದಲ ಎಸೆತ.

ಹಳದಿ ಡಿಸ್ಕ್ ಬಹಳ ದೂರವೇನೂ ಹೋಗಲಿಲ್ಲ. ಪೊದೆಗಳನ್ನು ಪಕ್ಕಕ್ಕೆ ಬಿಟ್ಟು, ಬಯಲಿನ ನಡುವೆ ಹಾರಿ, ಕತ್ತರಿಸಿದ ಹುಲ್ಲಿನ ಮೇಲೆ ಇಳಿಯಿತು. ಬುಟ್ಟಿ ಇನ್ನೂ ಆಚೆ ಇತ್ತು.

ಇಷ್ಟು ದಿನ ಅವಳು ಎಸೆದ ಮೇಲೆ ಯಾರಾದರೊಬ್ಬರು “ಪರವಾಗಿಲ್ಲ ಬಿಡು” ಎನ್ನುತ್ತಿದ್ದರು. ಇವತ್ತೂ ಅವಳು ಅದಕ್ಕಾಗಿ ಕಾದಳು. ಯಾರೂ ಏನೂ ಅನ್ನಲಿಲ್ಲ. ಕ್ಯಾಪ್ಟನ್ ಬಾಟಲಿಯ ಮುಚ್ಚಳ ಹಾಕುತ್ತ ಡಿಸ್ಕಿನ ಕಡೆಗೆ ನಡೆದ. ಉಳಿದಿಬ್ಬರು ಯಾವುದೋ ಮಾತಿನಲ್ಲಿ ಮುಳುಗಿ ಅವನ ಹಿಂದೆ ಹೊರಟರು.

ಯಾರೂ ಏನೂ ಅನ್ನದೆ ಇರುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಗಳಿಗೆ ಅಲ್ಲೇ ನಿಂತಿದ್ದು, ಆಮೇಲೆ ಅವರನ್ನು ಸೇರಿಕೊಳ್ಳಲು ಓಡಿದಳು.