ಕಡಲೆ ಪಾತಿಗೆ ಹೆಚ್ಚಾದ ನೀರು

ಹಿತ್ತಲಿನ ಕಡಲೆ ಗಿಡಗಳು ಯಾಕೆ ಹಳದಿಯಾಗುತ್ತಿವೆ ಎಂದು ನರ್ಸಿಗೆ ತಿಳಿದಿದ್ದು, ಒಂದು ದಿನ ಆಸ್ಪತ್ರೆಯಿಂದ ಬೇಗ ಮನೆಗೆ ಬಂದಾಗ. ಮಹಡಿಯಲ್ಲಿ ಬಾಡಿಗೆಗಿದ್ದ ಟೈಲರ್ ಪೈಪು ಹಿಡಿದು ಪಾತಿಯನ್ನೆಲ್ಲ ಕೆಸರು ಮಾಡಿಟ್ಟಿದ್ದ.

"ದಿನಾ ಹಾಕ್ತಿದ್ದೀರಾ?"

"ಒಣಗಿದ್ರೆ ನಿಮ್ಮ ಮುಖ ಬಾಡುತ್ತೆ ಅಂತ..."

ಕಡಲೆಗೆ ಇಬ್ಬನಿಯೇ ಸಾಕು, ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಅವಳು ರೇಗಿದಳು. ಅವನು ಪ್ಯಾಂಟು ಮಡಚಿ, ನೀರು ಹರಿದುಹೋಗಲು ಕಾಲುವೆ ತೋಡತೊಡಗಿದ. ಕತ್ತರಿ ಹಿಡಿದರೆ ಗೆರೆ ತಪ್ಪದ ಕೈ, ಸಲಿಕೆ ಹಿಡಿದರೆ ಮಣ್ಣನ್ನೆಲ್ಲ ತನ್ನ ಕಾಲ ಮೇಲೇ ಸುರಿದುಕೊಳ್ಳುತ್ತಿತ್ತು. ಬಂದ ನಗುವನ್ನು ಕೋಪದೊಳಗೆ ಅಡಗಿಸಲು ಅವಳು ಪಡಬಾರದ ಪಾಡುಪಟ್ಟಳು.

ಅರ್ಧ ಗಿಡಗಳು ಸತ್ತವು. ಉಳಿದವುಗಳ ಕುಡಿ ಚಿವುಟುವುದನ್ನು ಅವಳು ಹೇಳಿಕೊಟ್ಟಳು. ಚಿವುಟಿದಷ್ಟೂ ಕವಲೊಡೆಯುತ್ತದೆ ಎಂದಳು. ಎಲೆಯ ಹುಳಿ ಅಂಟಿದ ಬೆರಳನ್ನು ಅವನು ನೆಕ್ಕಿ ಮುಖ ಕಿವುಚಿದ. ಈ ಸಲ ಅವಳು ನಕ್ಕೇಬಿಟ್ಟಳು. ಅವನು ನೋಡುತ್ತಲೇ ಇದ್ದ. ಅವಳು ತಲೆ ತಗ್ಗಿಸಿ, ಇಲ್ಲದ ಕಳೆ ಹುಡುಕಿದಳು.

ಆಮೇಲೆ ಇಬ್ಬರ ಬೆಳಗಿನ ಚಹಾವೂ ಹಿತ್ತಲಿಗೇ ಬರತೊಡಗಿತು. ಪುಟ್ಟ ನೇರಳೆ ಹೂಗಳು ಬಿಟ್ಟವು.

ಕಾಯಿ ತುಂಬುವ ಹೊತ್ತಿಗೆ ಅವನು, ಅವಳನ್ನು ಸಾಕಿದ ಚಿಕ್ಕಮ್ಮನ ಹತ್ತಿರ ಬಂದು, ನಮ್ಮಣ್ಣ ಬೇರೆ ಊರಲ್ಲಿ ನನಗೊಂದು ಅಂಗಡಿ ನೋಡಿದ್ದಾನೆ, ಮನೆ ಖಾಲಿ ಮಾಡುತ್ತೇನೆ ಎಂದ. ಪಾತ್ರೆ ತೊಳೆಯುತ್ತಿದ್ದ ಅವಳ ಕೈ ನಿಂತಿತು. ಒಳ್ಳೆಯದಾಯಿತಲ್ಲ ಎಂದಳು. ದನಿ ಮಾತ್ರ ಅವಳ ಮಾತು ಕೇಳಲಿಲ್ಲ.

ಅವನು ಮೆಟ್ಟಿಲು ಹತ್ತಿಹೋದ ಮೇಲೆ ಚಿಕ್ಕಮ್ಮ, "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿಂಗೆ ಎರಡೂ ಇದೆ ಕಣೆ. ಬಾಯೊಂದೇ ಇಲ್ಲ" ಎಂದರು.

ಅವಳು ಕೈ ಕೂಡ ಒರೆಸಿಕೊಳ್ಳದೆ ಮಹಡಿ ಹತ್ತಿದಳು. ಅವನು ಹೊಲಿಗೆ ಯಂತ್ರಕ್ಕೆ ಬೆಡ್‌ಶೀಟು ಸುತ್ತಿ ಹಗ್ಗ ಕಟ್ಟುತ್ತಿದ್ದ.

"ಅಂಗಡಿ ಚೆನ್ನಾಗಿದೆಯಾ?"

"ದೊಡ್ಡದು. ರಸ್ತೆ ಪಕ್ಕದಲ್ಲೇ ಇದೆ."

"ಹೋಗೋಕೆ ಮನಸ್ಸಿದೆಯಾ?"

"ಇರು ಅಂತ ಯಾರೂ ಹೇಳಲಿಲ್ಲ."

"ನಾನು ಹೇಳ್ತಿದ್ದೀನಿ." ಅವಳ ಕಿವಿ ಬಿಸಿಯಾಯಿತು. "ಗಿಡಕ್ಕೋಸ್ಕರ ಅಲ್ಲ."

ಅವನು ಕೆಳಗೆ ಕೂತು ಹಗ್ಗದ ಗಂಟು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು. ಅವಳು ಅವನ ಎದುರು ಕೂತು, ಒದ್ದೆ ಕೈಯಲ್ಲೇ ಇನ್ನೊಂದು ತುದಿ ಹಿಡಿದಳು.